ನೀರುಳ್ಳಿಯ ಕ್ರಯ ಏರುವುದು ಎಲ್ಲಿಂದ?

ನೀರುಳ್ಳಿಯ ಕ್ರಯ ಏರಿದೊಡನೆ ನಮ್ಮಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ವ್ಯಾಪಾರಿಗಳು ದಾಸ್ತಾನಿಟ್ಟರು ಎಂಬುದು ಒಂದು. ಸರಕಾರ ಹೊರದೇಶಕ್ಕೆ ಸಾಗಿಸಲು ಬಿಟ್ಟಿತು ಎಂಬುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿರಬಹುದು. ಆದರೆ ಕ್ರಯ ಏರುವ ವಾರಗಳ ಮೊದಲೇ, ದೂರದ ಹೊಲದಲ್ಲಿ ಒದ್ದೆಯಾದ ಎಲೆಯ ಮೇಲೆ ನಡೆದುಹೋಗಿರುವ ಹಾನಿಯ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಇಂದು ಅದನ್ನು ವಿಚಾರಿಸೋಣ.

ಕಾಸರಗೋಡಿನವರಾದ ನಮಗೆ ನೀರುಳ್ಳಿ ಕೊಂಡು ತಿನ್ನುವ ಪದಾರ್ಥ. ತೆಂಗು, ಅಡಿಕೆ, ಕರಿಮೆಣಸು ನಮ್ಮ ಮಣ್ಣಿನವು. ನೀರುಳ್ಳಿಯಾದರೋ ಘಟ್ಟದ ಮೇಲಿನಿಂದ, ಮಹಾರಾಷ್ಟ್ರದಿಂದ ಲಾರಿಯೇರಿ ಬರಬೇಕು. ಆದುದರಿಂದ ಚಿತ್ರದುರ್ಗ, ಗದಗ, ನಾಸಿಕಗಳ ಹೊಲದಲ್ಲಿ ಆದ ನಷ್ಟದ ಲೆಕ್ಕ ಕೊನೆಗೆ ನಮ್ಮ ಅಡುಗೆಮನೆಯಲ್ಲಿ ತೀರುತ್ತದೆ.

ದೇಶದ ನೀರುಳ್ಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಿಂಗಾರಿನ ಬೆಳೆ. ಏಪ್ರಿಲ್-ಮೇ ತಿಂಗಳಲ್ಲಿ ಕಿತ್ತು, ಉಗ್ರಾಣದಲ್ಲಿಟ್ಟು, ಅಕ್ಟೋಬರಿನವರೆಗೆ ಅದನ್ನೇ ತಿನ್ನುತ್ತೇವೆ. ಆಮೇಲೆ ಮುಂಗಾರಿನ ಬೆಳೆ ಕೈಗೆ ಬರಬೇಕು. ಹಳತು ಮುಗಿಯುತ್ತಾ ಬಂದು ಹೊಸತು ಇನ್ನೂ ಬಾರದ ಈ ನಡುವಿನ ಕಾಲವೇ ಅಪಾಯದ್ದು. ಉಗ್ರಾಣದಲ್ಲೂ ಹೊಲದಲ್ಲೂ ಒಟ್ಟಿಗೆ ಕೊಳೆ ಹತ್ತಿದರೆ ಕ್ರಯವನ್ನು ಹಿಡಿಯುವವರಿಲ್ಲ.

ಹೊಲದಲ್ಲಿ ಆಗುವುದೇನು? ನೇರಳೆ ಮಚ್ಚೆ ರೋಗವನ್ನೇ ತೆಗೆದುಕೊಳ್ಳೋಣ. ಆಲ್ಟರ್ನೇರಿಯಾ ಪೋರಿ ಎಂಬ ಶಿಲೀಂಧ್ರ ಇದಕ್ಕೆ ಕಾರಣ. ಹಿಂದಿನ ಬೆಳೆಯ ಎಲೆಕಸದಲ್ಲಿ ಅದು ಅಡಗಿರುತ್ತದೆ. ರಾತ್ರಿಯ ತೇವದಲ್ಲಿ ಬೀಜಕಣಗಳು ಹುಟ್ಟುತ್ತವೆ. ಹಗಲಿನ ಗಾಳಿ ಅವನ್ನು ಹೊತ್ತೊಯ್ಯುತ್ತದೆ. ಎಲೆಯ ಮೇಲೆ ಹಲವು ಗಂಟೆಗಳ ಕಾಲ ನೀರು ನಿಂತರೆ ಸಾಕು, ಕಣ ಮೊಳೆತು ಎಲೆಯ ಸೂಕ್ಷ್ಮ ರಂಧ್ರಗಳಲ್ಲಿ ಇಳಿಯುತ್ತದೆ. ಥ್ರಿಪ್ಸ್ ನುಸಿ ಕೆರೆದು ಮಾಡಿದ ಗಾಯವಿದ್ದರೆ ಕೆಲಸ ಇನ್ನೂ ಸುಲಭ. ಮೊದಲು ನೀರೂರಿದ ಸಣ್ಣ ಚುಕ್ಕೆ, ಬಳಿಕ ನಡುವೆ ನೇರಳೆ ಬಣ್ಣ, ಸುತ್ತ ಹಳದಿ ಅಂಚು. ಎಲೆ ಅಲ್ಲಿಗೇ ಬಾಗಿ ಮುರಿಯುತ್ತದೆ. ಎಲೆ ಹೋದ ಮೇಲೆ ಗಡ್ಡೆ ದಪ್ಪವಾಗುವುದೆಂತು?

ಎಲೆ ತಿರುಚುವ ರೋಗ ಮತ್ತೊಂದು. ಕೊಲೆಟೋಟ್ರೈಕಮ್ ಕುಲದ ಶಿಲೀಂಧ್ರ ಮಳೆಹನಿಯೊಡನೆ ಸಿಡಿದು ಗಿಡದಿಂದ ಗಿಡಕ್ಕೆ ಹಾರುತ್ತದೆ. ಎಲೆಗಳು ಹಾವಿನಂತೆ ಸುತ್ತಿಕೊಳ್ಳುತ್ತವೆ, ಗಿಡದ ಕುತ್ತಿಗೆ ಉದ್ದವಾಗುತ್ತದೆ, ಗಡ್ಡೆ ಕಟ್ಟುವುದಿಲ್ಲ. ನಮ್ಮ ಅಡಿಕೆ ತೋಟಗಳನ್ನು ಕಾಡುತ್ತಿರುವ ಎಲೆಚುಕ್ಕಿ ರೋಗದ ಹಿಂದೆಯೂ ಇದೇ ಕುಲದ ಶಿಲೀಂಧ್ರವಿದೆಯೆಂಬುದನ್ನು ಓದುಗರು ಗಮನಿಸಬೇಕು. ಇನ್ನು ಮಣ್ಣಿನಲ್ಲೇ ವರ್ಷಗಟ್ಟಲೆ ಬದುಕುವ ಫ್ಯುಸೇರಿಯಮ್, ಬೇರಿನಿಂದ ಹೊಕ್ಕು ಗಡ್ಡೆಯ ಬುಡವನ್ನು ಕೊಳೆಯಿಸುತ್ತದೆ. ಹೊರಗೆ ಚೆನ್ನಾಗಿ ಕಂಡ ಗಡ್ಡೆ ಉಗ್ರಾಣದಲ್ಲಿ ಮೆತ್ತಗಾಗುವುದುಂಟು.

ಉಗ್ರಾಣದ ಶತ್ರು ಕಪ್ಪು ಬೂಷ್ಟು. ಅಂಗಡಿಯಿಂದ ತಂದ ನೀರುಳ್ಳಿಯ ಸಿಪ್ಪೆಯಡಿ ಮಸಿಯಂತಹ ಕರಿಪುಡಿಯನ್ನು ನಮ್ಮ ಗೃಹಿಣಿಯರೆಲ್ಲ ಕಂಡಿದ್ದಾರೆ. ಅದು ಆಸ್ಪರ್ಜಿಲಸ್ ನೈಗರ್ ಎಂಬ ಶಿಲೀಂಧ್ರ. ಸರಿಯಾಗಿ ಒಣಗದ ಕುತ್ತಿಗೆಯ ಮೂಲಕ ಒಳಹೊಗುತ್ತದೆ. ಸೆಖೆ ಮತ್ತು ತೇವ ಎರಡೂ ಸೇರಿದಾಗ ಹಬ್ಬುತ್ತದೆ. ಕೊನೆಗಾಲದಲ್ಲಿ ಯೂರಿಯಾ ಹಾಕಿ ಬೆಳೆಸಿದ ಗಡ್ಡೆಯ ಕುತ್ತಿಗೆ ದಪ್ಪವಾಗಿ, ಒಣಗಲು ತಡವಾಗುತ್ತದೆ. ತೂಕಕ್ಕೆಂದು ಮಾಡಿದ ಉಪಾಯ ಕೊಳೆತಕ್ಕೆ ದಾರಿಯಾಗುತ್ತದೆ.

ಸರಕಾರದ ನಡೆಯನ್ನು ಈಗ ನೋಡೋಣ. 2019ರ ಮಳೆ ಮಹಾರಾಷ್ಟ್ರ, ಕರ್ನಾಟಕಗಳ ಬೆಳೆಯನ್ನು ಕೆಡಿಸಿತು. ಸೆಪ್ಟೆಂಬರ್ 29ರಂದು ರಫ್ತು ನಿಷೇಧ ಬಂತು. ಆದರೂ ವರ್ಷದ ಕೊನೆಗೆ ಅನೇಕ ಪೇಟೆಗಳಲ್ಲಿ ಕಿಲೋಗೆ 100 ರೂಪಾಯಿ ದಾಟಿತು. 2020ರಲ್ಲಿ ಮತ್ತೆ ಮಳೆ, ಸೆಪ್ಟೆಂಬರ್ 14ರಂದು ಮತ್ತೆ ನಿಷೇಧ. 2023ರ ಆಗಸ್ಟಿನಲ್ಲಿ ಶೇಕಡಾ 40 ರಫ್ತು ಸುಂಕ, ಡಿಸೆಂಬರ್ 8ರಂದು ಪೂರ್ಣ ನಿಷೇಧ. ಅದು ತೆರವಾದುದು 2024ರ ಮೇ 4ರಂದು. ಸುಂಕ ಪೂರ್ತಿ ಹೋದುದು 2025ರ ಏಪ್ರಿಲ್ 1ರಂದು. ಕ್ರಯ ಏರಿದಾಗ ಕೊಳ್ಳುವವನಿಗೆ ತಕ್ಷಣ ಸಿಕ್ಕ ನೆಮ್ಮದಿ ಅಲ್ಪ; ಕ್ರಯ ಇಳಿದಾಗ ಬೆಳೆದವನಿಗೆ ತಟ್ಟಿದ ಪೆಟ್ಟು ದೊಡ್ಡದು. ರೋಗದಿಂದ ಅರ್ಧ ಬೆಳೆ ಕಳಕೊಂಡವನು, ಉಳಿದ ಅರ್ಧಕ್ಕಾದರೂ ಒಳ್ಳೆಯ ಕ್ರಯ ಸಿಗುವ ಹೊತ್ತಿಗೆ ನಿಷೇಧವನ್ನು ಕಾಣುತ್ತಾನೆ. ಮರುವರ್ಷ ಅವನು ಬಿತ್ತಲು ಹಿಂಜರಿದರೆ ತಪ್ಪೆನ್ನಲಾಗದು.

2023ರಲ್ಲಿ ಕೇಂದ್ರವು ತನ್ನ ಕಾಪುದಾಸ್ತಾನನ್ನು 5 ಲಕ್ಷ ಟನ್ನಿಗೆ ಏರಿಸುವುದಾಗಿ ಸಾರಿತು. ಆಲೋಚನೆ ಒಳ್ಳೆಯದೇ. ಆದರೆ ಸರಕಾರದ ನೀರುಳ್ಳಿಯೆಂದು ಕಪ್ಪು ಬೂಷ್ಟು ಗೌರವ ತೋರುವುದಿಲ್ಲ. ಗಾಳಿಯಾಡುವ ಉಗ್ರಾಣವಿಲ್ಲದಿದ್ದರೆ ದಾಸ್ತಾನು ಹೆಚ್ಚಿದಷ್ಟೂ ಕೊಳೆತ ಹೆಚ್ಚುತ್ತದೆ.

ಮಳೆಯನ್ನು ತಡೆಯಲು ಯಾರಿಂದಲೂ ಆಗದು ನಿಜ. ಆದರೆ ಮಳೆಗೆ ಮೊದಲೇ ಸಿದ್ಧರಾಗುವುದು ಹೇಗೆಂದು ಅಡಿಕೆ ಬೆಳೆಯುವ ನಮಗೆ ಬೇರೆಯವರು ಕಲಿಸಬೇಕಾಗಿಲ್ಲ. ಕಳೆದ ಶತಮಾನದ ಮೊದಲಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಕೊಟ್ಟರು. ಮೈಲುತುತ್ತು, ಸುಣ್ಣಗಳ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಗೊನೆಗೆ ಬಿಡಬೇಕೆಂಬ ಪಾಠ ಅಲ್ಲಿಂದ ಹಬ್ಬಿತು. ಕೊಳೆರೋಗದ ಜೀವಿಯನ್ನು ಇಂದಿನ ವಿಜ್ಞಾನ ನಿಜವಾದ ಶಿಲೀಂಧ್ರಗಳಿಂದ ಬೇರ್ಪಡಿಸಿದೆಯಾದರೂ ಅದರ ನಡತೆ ಇವುಗಳದ್ದೇ. ಕಾಯಿ ಉದುರಿದ ಮೇಲೆ ಮದ್ದು ಬಿಟ್ಟು ಫಲವಿಲ್ಲವೆಂದು ನಮ್ಮ ತೋಟದ ಕೆಲಸದವನೂ ಬಲ್ಲ. ರಫ್ತು ನಿಷೇಧವೆಂಬುದು ಕಾಯಿ ಉದುರಿದ ಮೇಲಿನ ಮದ್ದು.

ನೀರುಳ್ಳಿಗೂ ಮುಂಚಿನ ಮದ್ದುಗಳಿವೆ. ನೀರು ನಿಲ್ಲದಂತೆ ಎತ್ತರದ ಮಡಿ ಮಾಡಿ ನೆಡುವುದು, ಒತ್ತೊತ್ತಾಗಿ ಬಿತ್ತದಿರುವುದು, ಒಂದೇ ಹೊಲದಲ್ಲಿ ವರ್ಷವೂ ನೀರುಳ್ಳಿಯನ್ನೇ ಹಾಕದಿರುವುದು, ಕಿತ್ತ ಗಡ್ಡೆಯನ್ನು ಕುತ್ತಿಗೆ ಮುಚ್ಚುವವರೆಗೆ ಒಣಗಿಸುವುದು. ನೇರಳೆ ಮಚ್ಚೆಯನ್ನು ತಕ್ಕಮಟ್ಟಿಗೆ ತಾಳಿಕೊಳ್ಳುವ ಅರ್ಕಾ ಕಲ್ಯಾಣ್ ತಳಿಯನ್ನು ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟಿದೆ. ಮ್ಯಾಂಕೋಜೆಬ್‌ನಂತಹ ಮದ್ದು ಎಲೆಯ ಮೇಲೆ ಕಾವಲು ನಿಲ್ಲುತ್ತದೆ, ಒಳಹೊಕ್ಕ ರೋಗವನ್ನು ಹೊರಗಟ್ಟದು. ನೀರುಳ್ಳಿಯ ಎಲೆ ಮೇಣದಂತೆ ನುಣುಪು. ಬೋರ್ಡೋಗೆ ನಮ್ಮ ಹಿರಿಯರು ರಾಳ ಬೆರೆಸಿದಂತೆ ಇದಕ್ಕೂ ಅಂಟುದ್ರವ ಬೆರೆಸದಿದ್ದರೆ ಮದ್ದು ಜಾರಿ ಮಣ್ಣಿಗೆ ಸೇರುತ್ತದೆ.

ಇವೆಲ್ಲ ಸಂಶೋಧನಾಲಯಗಳಿಗೆ ಗೊತ್ತಿಲ್ಲದ ವಿಷಯಗಳಲ್ಲ. ಸಣ್ಣ ರೈತನಿಗೆ ಒಳ್ಳೆಯ ಬೀಜ, ಉಗ್ರಾಣ ಕಟ್ಟಲು ಸಾಲ, ಮೋಡ ಕವಿಯುವ ಮುಂಚೆ ಅವನ ಭಾಷೆಯಲ್ಲಿ ಒಂದು ಎಚ್ಚರಿಕೆಯ ಮಾತು, ಇವಿಷ್ಟು ತಲುಪಬೇಕು. ಜುಲೈಯಲ್ಲಿ ಇದಕ್ಕೆ ವೆಚ್ಚ ಮಾಡಲು ಒಪ್ಪದ ಸರಕಾರಗಳು ಡಿಸೆಂಬರಿನಲ್ಲಿ ಆಜ್ಞೆ ಹೊರಡಿಸುತ್ತಾ ಇರಬೇಕಾಗುತ್ತದೆ. ಮುಂದಿನ ಸಲ ಕ್ರಯ ಏರಿದಾಗ ಜೀನಸಂಗಡಿಯವನನ್ನು ಬಯ್ಯುವ ಮೊದಲು, ಆ ವರ್ಷದ ಮಳೆಗಾಲದಲ್ಲಿ ಯಾರು ಏನು ಮಾಡಿದರೆಂದು ನಾವು ಕೇಳಬೇಕು.