ಫೀಸು ಮಂಡಿಗೋ, ಮಲಗುವ ರೂಮಿಗೋ?

ಬೆಂಗಳೂರಿನ ಹಲವು ಖಾಸಗಿ ಆಸ್ಪತ್ರೆಗಳಲ್ಲಿ ಒಂದು ವಿಚಿತ್ರ ಲೆಕ್ಕವಿದೆ. ಜನರಲ್ ವಾರ್ಡಿಗೆ ಒಂದು ಸರ್ಜನ್ ಫೀಸು, ಇಬ್ಬರಿರುವ ರೂಮಿಗೆ ಇನ್ನೊಂದು, ಒಬ್ಬರೇ ಇರುವ ಎ.ಸಿ. ರೂಮಿಗೆ ಮತ್ತೊಂದು. ಡಾಕ್ಟರು ಅವರೇ, ಆಪರೇಷನ್ ಥಿಯೇಟರ್ ಅದೇ, ಕೊಯ್ಯುವ ಮಂಡಿಯೂ ಅಂಥದ್ದೇ. ಬದಲಾಗುವುದು ಮಂಚ ಮಾತ್ರ. ಮಂಡಿನೋವು ಹೊತ್ತು ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಕ್ಕೆ ಹೋಗುವ ನಮ್ಮ ಹಳ್ಳಿಯವರು ಇದನ್ನು ಪ್ರಶ್ನಿಸುವುದು ಕಡಿಮೆ. ನಾವು ಪ್ರಶ್ನಿಸುತ್ತೇವೆ.

ಡಾಕ್ಟರಿಗೆ ದುಡ್ಡು ಕೊಡಬೇಡಿ ಎನ್ನುತ್ತಿಲ್ಲ. ಕಷ್ಟದ ಕೆಲಸಕ್ಕೆ ಹೆಚ್ಚು ಕೊಡಿ ಎನ್ನುತ್ತಿದ್ದೇವೆ. ಮೊದಲ ಸಲ ಮಂಡಿ ಬದಲಿಸುವುದು ಒಂದು ಕೆಲಸ. ಹಿಂದೆ ಹಾಕಿದ್ದು ಸಡಿಲವಾಗಿಯೋ ಕೀವಾಗಿಯೋ ಅದನ್ನು ಕಿತ್ತು ಹೊಸದು ಕೂರಿಸುವುದು ಬೇರೆಯೇ ಕೆಲಸ. ಕೀವಾಗಿದ್ದರೆ ಎಷ್ಟೋ ಸಲ ಎರಡು ಆಪರೇಷನ್ ಬೇಕು: ಮೊದಲು ಹಳೆಯದನ್ನು ತೆಗೆದು ಔಷಧಿ ಬೆರೆಸಿದ ಸಿಮೆಂಟ್ ಇಡುತ್ತಾರೆ, ವಾರಗಟ್ಟಲೆ ಕಾದು, ಸೋಂಕು ಹೋದ ಮೇಲೆ ಹೊಸದು ಹಾಕುತ್ತಾರೆ. ರೂಮಿನ ಲೆಕ್ಕದಲ್ಲಿ ಸುಲಭದ ಕೇಸಿಗೂ ಫೀಸು ಏರುತ್ತದೆ, ಕಷ್ಟದ ಕೇಸಿಗೂ ವಾರ್ಡಿನ ರೋಗಿಯೆಂದು ಇಳಿಯುತ್ತದೆ. ದುಡಿಮೆಗೆ ತಕ್ಕ ಕೂಲಿ ಇಲ್ಲದ ಕೆಲಸಕ್ಕೆ ಯಾರು ಮುಂದೆ ಬಂದಾರು? ಕೊನೆಗೆ 'ಬೇರೆ ಕಡೆ ತೋರಿಸಿ' ಎಂಬ ಮಾತು ಕೇಳಬೇಕಾದವನು ಬಡವನೇ.

ದರ ಕಟ್ಟಲು ಆಗುವುದೇ ಇಲ್ಲ ಎನ್ನುವವರಿಗೆ 2017ನ್ನು ನೆನಪಿಸುತ್ತೇವೆ. ಆ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಸುಮಾರು 1.58 ಲಕ್ಷ ರೂಪಾಯಿ ಇದ್ದ ಕೋಬಾಲ್ಟ್ ಕ್ರೋಮಿಯಂ ಮಂಡಿ, ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಯಿತು. ಲೋಹಕ್ಕೆ ಮಿತಿ ಬಂತು, ಉಳಿದ ಬಿಲ್ಲಿಗೆ ಬರಲಿಲ್ಲ. ಅದೇ ನವೆಂಬರಿನಲ್ಲಿ ರಾಜ್ಯದ ಖಾಸಗಿ ಡಾಕ್ಟರುಗಳು ಮುಷ್ಕರ ಹೂಡಿದರು. ಎಲ್ಲರಿಗೂ ದರ ಕಟ್ಟುತ್ತೇವೆಂದು ಹೊರಟಿದ್ದ ರಾಜ್ಯ ಸರ್ಕಾರ, ಸರ್ಕಾರಿ ಯೋಜನೆಯ ರೋಗಿಗಳಿಗಷ್ಟೇ ಎಂದು ಹಿಂದೆ ಸರಿಯಿತು. ಆ ಯೋಜನೆಯ ಪ್ಯಾಕೇಜ್ ಹಣವೂ ಆಸ್ಪತ್ರೆಗೇ ಹೋಗುತ್ತದೆ. ಅದರಲ್ಲಿ ಆಪರೇಷನ್ ಮಾಡಿದವರ ಪಾಲೆಷ್ಟು ಎಂಬುದು ರೋಗಿಗೆ ಕಾಣುವುದಿಲ್ಲ.

ನಮ್ಮ ಬೇಡಿಕೆ ಎರಡೇ. ಸರ್ಜನ್ ಫೀಸು ರೂಮು ನೋಡಿ ಅಲ್ಲ, ಆಪರೇಷನ್ನಿನ ಕಷ್ಟ ನೋಡಿ ನಿಗದಿಯಾಗಲಿ. ಬಿಲ್ಲಿನಲ್ಲೂ ಪ್ಯಾಕೇಜಿನಲ್ಲೂ ಅದು ಬೇರೆಯಾಗಿ ಕಾಣಲಿ. ದರಪಟ್ಟಿ ಹಾಕಬೇಕೆಂದು ಖಾಸಗಿ ಆಸ್ಪತ್ರೆಗಳ ಕಾಯ್ದೆಯೇ ಹೇಳುತ್ತದೆ.

ಅಪ್ಪನನ್ನೋ ಅವ್ವನನ್ನೋ ಕರೆದೊಯ್ಯುವವರು ಅಡ್ವಾನ್ಸ್ ಕಟ್ಟುವ ಮುಂಚೆ ಕೌಂಟರಿನಲ್ಲಿ ಒಂದೇ ಮಾತು ಕೇಳಿ: "ಜನರಲ್ ವಾರ್ಡಿಗೆ ಸರ್ಜನ್ ಫೀಸೆಷ್ಟು, ರೂಮಿಗೆಷ್ಟು? ಬರೆದುಕೊಡಿ." ಹೆಚ್ಚಿಗೆ ಯಾಕೆಂದೂ ಕೇಳಿ. ಹತ್ತು ಊರಿನವರು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.