ನಡುರಾತ್ರಿಯ ಅಲಾರಂಗೆ ಏಳದ ಕಂಪ್ಯೂಟರು

ಇಂಜಿನಿಯರಿಂಗ್ ಕೊನೆಯ ವರ್ಷದವನ ಪ್ರಾಜೆಕ್ಟ್ ವರದಿ, ಪಿಯುಸಿ ಓದುವವಳು ಎರಡು ವರ್ಷ ಕೂಡಿಟ್ಟ ಟಿಪ್ಪಣಿಗಳು, ಮನೆಮಂದಿಯ ಫೋಟೋಗಳು ಎಲ್ಲವೂ ಈಗ ಒಂದೇ ಪೆಟ್ಟಿಗೆಯೊಳಗೆ. ಆ ಪೆಟ್ಟಿಗೆಯ ಡಿಸ್ಕು ಕೈಕೊಡುವ ಮುಂಚೆ ಹೇಳಿ ಕೈಕೊಡುವುದಿಲ್ಲ. ಆದ್ದರಿಂದ ಮುಂದಾಲೋಚನೆಯ ಹುಡುಗರು ದಿನಾ ರಾತ್ರಿ ಎರಡು ಗಂಟೆಗೆ ಎಲ್ಲ ಕಡತಗಳ ನಕಲು ಇನ್ನೊಂದು ಡಿಸ್ಕಿಗೆ ಹೋಗುವಂತೆ ಕಂಪ್ಯೂಟರಿಗೆ ಹೇಳಿಟ್ಟು, ಅದನ್ನು ‘ಸ್ಲೀಪ್’ ಸ್ಥಿತಿಗೆ ಕಳಿಸಿ ತಾವೂ ಮಲಗುತ್ತಾರೆ. ತೊಂದರೆ ಶುರುವಾಗುವುದು ಇಲ್ಲೇ. ಎರಡು ಗಂಟೆಗೆ ಕಂಪ್ಯೂಟರು ಏಳುವುದಿಲ್ಲ. ಏಳಲಿಲ್ಲವೆಂದು ಬೆಳಿಗ್ಗೆ ಯಾರಿಗೂ ಹೇಳುವುದೂ ಇಲ್ಲ. ಕೊನೆಗೊಂದು ದಿನ ಡಿಸ್ಕು ಕೆಟ್ಟಾಗ ನಕಲನ್ನು ತೆರೆದು ನೋಡಿದರೆ ಅದರ ಮೇಲಿನ ತಾರೀಖು ಹೋದ ಸೆಮಿಸ್ಟರಿನದು!

ನಿದ್ದೆ ಹೋದ ಕಂಪ್ಯೂಟರಿನಲ್ಲಿ ವಿಂಡೋಸ್ ಕೂಡ ನಿದ್ದೆ ಹೋಗಿರುತ್ತದೆ. ಮಲಗಿದವನು ತನ್ನನ್ನು ತಾನೇ ಎಬ್ಬಿಸಿಕೊಳ್ಳುವುದು ಹೇಗೆ? ಬೇರೆ ಯಾರಾದರೂ ಎಚ್ಚರವಿರಬೇಕು. ಆ ಕಾವಲುಗಾರ ಮದರ್‌ಬೋರ್ಡಿನ ಮೇಲಿರುವ ಪುಟ್ಟ ಗಡಿಯಾರ. 1984ರಲ್ಲಿ ಬಂದ ಐಬಿಎಂ ಪಿಸಿ ಎಟಿ ಕಂಪ್ಯೂಟರಿನಲ್ಲೇ ಇಂಥ ಗಡಿಯಾರದ ಚಿಪ್ ಇತ್ತು, ಅದರಲ್ಲಿ ಅಲಾರಂ ಇಡುವ ಸೌಲಭ್ಯವೂ ಇತ್ತು. ಇದರ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಒಂದು ಉಳಿಯುತ್ತದೆ, ಅಂದರೆ ಸರಿಯಾಗಿ ಸೆಕೆಂಡಿಗೊಂದು ತಟ್ಟು. ಗೋಡೆ ಗಡಿಯಾರ, ಕೈಗಡಿಯಾರಗಳೊಳಗಿನ ಹರಳೂ ಇದೇ ಲೆಕ್ಕದ್ದು. ಮಲಗುವ ಮುನ್ನ ವಿಂಡೋಸ್ ಮಾಡುವುದಿಷ್ಟೇ: ‘ಇಷ್ಟು ಹೊತ್ತಿಗೆ ನನ್ನನ್ನು ಎಬ್ಬಿಸು’ ಎಂದು ಆ ಗಡಿಯಾರದಲ್ಲಿ ಬರೆದಿಟ್ಟು ಕಣ್ಣು ಮುಚ್ಚುತ್ತದೆ.

ಹಾಗಾದರೆ ಪರೀಕ್ಷಿಸಬೇಕಾದ ಪ್ರಶ್ನೆಗಳು ಮೂರೇ. ಅಲಾರಂ ಇಟ್ಟಿದ್ದು ನಿಜವೇ? ಇಟ್ಟ ಅಲಾರಂ ಬಾರಿಸಿತೇ? ಬಾರಿಸಿ ಎದ್ದ ಮೇಲೆ ಕೆಲಸ ಮುಗಿಯುವಷ್ಟು ಹೊತ್ತು ಎಚ್ಚರವಿತ್ತೇ? ಈ ಮೂರನ್ನು ಕಲಸಿಕೊಂಡು ಕಂಡಕಂಡ ಗುಂಡಿ ಒತ್ತುವವರೇ ಹೆಚ್ಚು. ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕಿಸಲು ಅಂಗಡಿಗೆ ಹೊತ್ತೊಯ್ಯುವವರೂ ಇದ್ದಾರೆ. ಅದರ ಅಗತ್ಯ ಬೀಳುವುದು ಬಹಳ ಅಪರೂಪ.

ಆದರೆ ಈ ಮೂರಕ್ಕೂ ಮುಂಚೆ ನೋಡಬೇಕಾದ ಜಾಗವೊಂದಿದೆ. ಅದು ಕಂಪ್ಯೂಟರಿನ ಒಳಗಿಲ್ಲ, ಗೋಡೆಯ ಮೇಲಿದೆ. ನಮ್ಮ ಮನೆಗಳಲ್ಲಿ ಮಲಗುವ ಮುನ್ನ ಗ್ಯಾಸಿನ ವಾಲ್ವು ತಿರುಗಿಸಿ, ಬಾಗಿಲ ಚಿಲಕ ನೋಡಿ, ಪ್ಲಗ್ಗಿನ ಸ್ವಿಚ್ಚುಗಳನ್ನೆಲ್ಲ ಆರಿಸಿ ಬರುವುದು ಅಪ್ಪನದೋ ಅಮ್ಮನದೋ ನಿತ್ಯದ ಪಾಳಿ. ಮಗ ‘ಸ್ಲೀಪ್’ ಮಾಡಿ ಮಲಗಿದ ಡೆಸ್ಕ್‌ಟಾಪ್ ಕಂಪ್ಯೂಟರಿನ ಸ್ವಿಚ್ಚೂ ಅದರಲ್ಲಿ ಸೇರಿಹೋಗುತ್ತದೆ. ಆಗ ಯಾವ ಅಲಾರಂ ಬಾರಿಸಿದರೂ ಏಳಲು ಶಕ್ತಿ ಇರಬೇಕಲ್ಲ? ಸ್ಲೀಪ್‌ನಲ್ಲಿರುವ ಡೆಸ್ಕ್‌ಟಾಪಿಗೆ ಐದು ವೋಲ್ಟಿನ ಸಣ್ಣದೊಂದು ಧಾರೆ ಹರಿಯುತ್ತಲೇ ಇರಬೇಕು. ಅದು ನಿಂತರೆ ನೆನಪಿನಲ್ಲಿದ್ದ, ಸೇವ್ ಮಾಡದ ಬರಹವೂ ಅಳಿಸಿಹೋಗುತ್ತದೆ. ಯುಪಿಎಸ್ ಇಲ್ಲದ ಮನೆಯಲ್ಲಿ ಕರೆಂಟು ಹೋದರೂ ಇದೇ ಗತಿ.

ಲ್ಯಾಪ್‌ಟಾಪಿನದು ಇನ್ನೂ ಸೂಕ್ಷ್ಮ. ಚಾರ್ಜರಿನ ಸ್ವಿಚ್ ಆರಿದರೆ ಅದು ಸಾಯುವುದಿಲ್ಲ, ಬ್ಯಾಟರಿಗೆ ಹೊರಳುತ್ತದೆ. ಹೊರಳಿದ ಕೂಡಲೇ ಅದರ ನಿಯಮಗಳೂ ಬದಲು. ವಿಂಡೋಸ್‌ನ ಟಾಸ್ಕ್ ಷೆಡ್ಯೂಲರ್‌ನಲ್ಲಿ ಯಾವುದೇ ಹೊಸ ಕೆಲಸ ಬರೆದಾಗ ‘ಕರೆಂಟಿನ ಮೇಲಿದ್ದರೆ ಮಾತ್ರ ಶುರುಮಾಡು’ ಎಂಬ ಷರತ್ತಿಗೆ ಮೊದಲೇ ಗುರುತು ಬಿದ್ದಿರುತ್ತದೆ. ಮಗಳು ಎಲ್ಲವನ್ನೂ ಸರಿಯಾಗಿ ಮಾಡಿಟ್ಟಿರುತ್ತಾಳೆ, ಅಮ್ಮನೂ ಸರಿಯಾದದ್ದನ್ನೇ ಮಾಡಿರುತ್ತಾಳೆ, ನಕಲು ಮಾತ್ರ ಆಗಿರುವುದಿಲ್ಲ. ಅದೇ ಸ್ವಿಚ್ ಬೋರ್ಡಿನಲ್ಲಿ ವೈಫೈ ಪೆಟ್ಟಿಗೆಯೂ ಇದ್ದರೆ ಅಂತರಜಾಲಕ್ಕೆ ಕಳಿಸುವ ನಕಲಂತೂ ದೂರದ ಮಾತು.

ಕರೆಂಟು ಖರ್ಚಿನ ಹೆದರಿಕೆ ಹಿರಿಯರಿಗೆ ಸಹಜ. ಅದನ್ನೂ ಲೆಕ್ಕ ಹಾಕಿಬಿಡಬಹುದು. ಸುಮಾರು 50 ವ್ಯಾಟ್ ಎಳೆಯುವ ಡೆಸ್ಕ್‌ಟಾಪನ್ನು ರಾತ್ರಿ ಎಂಟು ಗಂಟೆ ಕಾಲ ಎಚ್ಚರವಾಗಿಯೇ ಬಿಟ್ಟರೆ 0.4 ಯೂನಿಟ್, ತಿಂಗಳಿಗೆ 12 ಯೂನಿಟ್. ಸ್ಲೀಪ್‌ನಲ್ಲಿ ಎರಡು ವ್ಯಾಟ್ ಎಂದಿಟ್ಟುಕೊಂಡರೆ ತಿಂಗಳಿಡೀ ಸೇರಿ ಅರ್ಧ ಯೂನಿಟ್ಟೂ ಆಗದು. ಅದೊಂದು ಸ್ವಿಚ್ಚಿನ ಮೇಲೆ ಬಣ್ಣದ ಚೀಟಿ ಅಂಟಿಸಿದರೆ ಮನೆಯಲ್ಲಿ ಒಪ್ಪಂದವಾದಂತೆ.

ಈಗ ಮೊದಲ ಪ್ರಶ್ನೆಗೆ ಬರಬಹುದು. ಟಾಸ್ಕ್ ಷೆಡ್ಯೂಲರ್‌ನಲ್ಲಿ ಹೊತ್ತು ಬರೆದ ಮಾತ್ರಕ್ಕೆ ಅಲಾರಂ ಇಟ್ಟಂತಾಗುವುದಿಲ್ಲ. ಆ ಕೆಲಸದ ‘ಕಂಡೀಷನ್ಸ್’ ಪುಟದಲ್ಲಿ ‘ವೇಕ್ ದಿ ಕಂಪ್ಯೂಟರ್ ಟು ರನ್ ದಿಸ್ ಟಾಸ್ಕ್’ ಎಂಬ ಸಾಲಿದೆ. ಅದಕ್ಕೆ ತಾನಾಗಿ ಗುರುತು ಬಿದ್ದಿರುವುದಿಲ್ಲ, ನಾವೇ ಹಾಕಬೇಕು. ಹಾಕಿದರೂ ಇನ್ನೊಬ್ಬ ಯಜಮಾನನ ಅಪ್ಪಣೆ ಬೇಕು. ಕಂಟ್ರೋಲ್ ಪ್ಯಾನೆಲ್‌ನ ‘ಪವರ್ ಆಪ್ಷನ್ಸ್’ನಲ್ಲಿ ಮುಂದುವರಿದ ಸೆಟ್ಟಿಂಗ್‌ಗಳನ್ನು ತೆರೆದು, ‘ಸ್ಲೀಪ್’ ಕೆಳಗಿನ ‘ಅಲೋ ವೇಕ್ ಟೈಮರ್ಸ್’ ನೋಡಬೇಕು. ಲ್ಯಾಪ್‌ಟಾಪಿನಲ್ಲಿ ಕರೆಂಟಿಗೊಂದು, ಬ್ಯಾಟರಿಗೊಂದು ಎಂದು ಎರಡು ಉತ್ತರ ಇರುತ್ತವೆ. ವಿಂಡೋಸ್ 10 ಮತ್ತು 11ರಲ್ಲಿ ‘ಇಂಪಾರ್ಟೆಂಟ್ ವೇಕ್ ಟೈಮರ್ಸ್ ಓನ್ಲಿ’ ಎಂಬ ಮೂರನೆಯ ಆಯ್ಕೆಯೂ ಇದೆ. ಮಹತ್ವದ್ದು ಎಂದರೆ ಯಾರಿಗೆ ಮಹತ್ವದ್ದು? ವಿಂಡೋಸ್‌ಗೆ! ಅದರ ಸ್ವಂತ ಅಪ್‌ಡೇಟ್ ಮುಗಿಸುವಂಥ ಕೆಲಸಗಳು ಆ ಲೆಕ್ಕದಲ್ಲಿ ಬರುತ್ತವೆ, ವಿದ್ಯಾರ್ಥಿಯ ಪ್ರಾಜೆಕ್ಟ್ ಬರುವುದಿಲ್ಲ. ಆದ್ದರಿಂದ ‘ಎನೇಬಲ್’ ಎಂದೇ ಇರಬೇಕು.

ಅಲಾರಂ ನಿಜಕ್ಕೂ ಇಟ್ಟಿದೆಯೇ ಎಂದು ಕಂಪ್ಯೂಟರನ್ನೇ ಕೇಳಬಹುದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ‘ಪವರ್’ ಪದದ ಹಿಂದೆಯೇ ಸಿ, ಎಫ್, ಜಿ ಅಕ್ಷರಗಳನ್ನು ಸೇರಿಸಿ ಬರೆದು, ಜಾಗ ಬಿಟ್ಟು ಓರೆಗೆರೆ ಹಾಕಿ, ‘ವೇಕ್‌ಟೈಮರ್ಸ್’ ಎಂದು ಒಂದೇ ಪದವಾಗಿ ಬೆರಳಚ್ಚಿಸಿದರೆ ಇಟ್ಟಿರುವ ಅಲಾರಂಗಳ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ನಕಲು ತೆಗೆಯುವ ಕೆಲಸದ ಹೆಸರಿಲ್ಲದಿದ್ದರೆ ತಪ್ಪು ಮೇಲಿನ ಎರಡು ಜಾಗಗಳಲ್ಲೇ ಇದೆ. ಹೆಸರಿದ್ದೂ ಯಂತ್ರ ಏಳಲಿಲ್ಲವೆಂದರೆ ಎರಡನೆಯ ಪ್ರಶ್ನೆಗೆ ಹೋಗಬೇಕು.

ಅಲ್ಲಿ ಮುಖ್ಯವಾದದ್ದು ನಿದ್ದೆಯ ಆಳ. ಸ್ಲೀಪ್ ಎಂದರೆ ಕೋಳಿನಿದ್ದೆ, ನೆನಪು ರ್‍ಯಾಮ್‌ನಲ್ಲೇ ಉಳಿದಿರುತ್ತದೆ. ಹೈಬರ್ನೇಟ್‌ನಲ್ಲಿ ಎಲ್ಲವನ್ನೂ ಡಿಸ್ಕಿಗೆ ಬರೆದು ಪೂರ್ತಿ ಕಣ್ಣು ಮುಚ್ಚುತ್ತದೆ. ಇದರಿಂದ ಅಲಾರಂಗೆ ಏಳುವ ಯಂತ್ರಗಳೂ ಇವೆ, ಏಳದವೂ ಇವೆ. ಶಟ್‌ಡೌನ್ ಆದ ಮೇಲೆ ವಿಂಡೋಸ್ ಇಟ್ಟ ಅಲಾರಂ ನಡೆಯುವುದಿಲ್ಲ. ತೊಡಕೇನೆಂದರೆ ರಾತ್ರಿ ಹನ್ನೊಂದಕ್ಕೆ ಸ್ಲೀಪ್‌ಗೆ ಹೋದದ್ದು ಎರಡು ಗಂಟೆಯ ಹೊತ್ತಿಗೆ ಹೈಬರ್ನೇಟ್‌ಗೆ ಇಳಿದಿರಬಹುದು. ‘ಇಷ್ಟು ಹೊತ್ತಿನ ನಂತರ ಹೈಬರ್ನೇಟ್’ ಎಂಬ ಸೆಟ್ಟಿಂಗ್ ಅದೇ ಪವರ್ ಆಪ್ಷನ್ಸ್‌ನಲ್ಲಿದೆ. ಮೊಬೈಲಿನಂತೆ ಅರೆ ಎಚ್ಚರದಲ್ಲೇ ಮಲಗುವ ಹೊಸ ಲ್ಯಾಪ್‌ಟಾಪುಗಳು ಬ್ಯಾಟರಿ ಬೇಗ ಇಳಿಯುತ್ತಿದೆ ಎನಿಸಿದರೆ ಕೇಳದೆಯೇ ಹೈಬರ್ನೇಟ್ ಆಗುವುದುಂಟು. ಯಂತ್ರಕ್ಕೆ ಯಾವ ಯಾವ ನಿದ್ದೆ ಬರುತ್ತದೆಂದು ತಿಳಿಯಲು ಮೇಲಿನ ಆಜ್ಞೆಯಲ್ಲಿ ‘ವೇಕ್‌ಟೈಮರ್ಸ್’ ಬದಲು ‘ಎ’ ಎಂಬ ಒಂದಕ್ಷರ ಸಾಕು.

ಬೋರ್ಡಿನ ಗಡಿಯಾರವೇ ಹಾದಿ ತಪ್ಪಿದ್ದರೂ ಅಲಾರಂ ವ್ಯರ್ಥ. ಡೆಸ್ಕ್‌ಟಾಪಿನ ಪ್ಲಗ್ ಕಿತ್ತು ಮತ್ತೆ ಹಾಕಿದಾಗಲೆಲ್ಲ ತಾರೀಖು ವರ್ಷಗಳ ಹಿಂದಕ್ಕೆ ಹೋಗುತ್ತಿದ್ದರೆ ಒಳಗಿನ ಬಿಲ್ಲೆ ಸೆಲ್ಲು ತೀರಿದೆ ಎಂದರ್ಥ. ಸಾಮಾನ್ಯವಾಗಿ ಅದು ಸಿಆರ್ 2032. ಕೊನೆಯ ನಾಲ್ಕು ಅಂಕಿಗಳು ಅದರ ಅಳತೆಯೇ: 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಕಳ್ಳ ತೊಂದರೆ. ಕಂಪ್ಯೂಟರು ಎರಡು ಗಂಟೆಗೆ ಸರಿಯಾಗಿ ಏಳುತ್ತದೆ, ನಕಲು ಶುರುವಾಗುತ್ತದೆ, ಎರಡು ನಿಮಿಷಕ್ಕೆ ಮತ್ತೆ ಮಲಗಿಬಿಡುತ್ತದೆ! ಕೀಲಿಮಣೆ ಮುಟ್ಟದೆ ಬರೀ ಅಲಾರಂನಿಂದ ಎದ್ದಾಗ, ಎದುರಿಗೆ ಯಾರೂ ಇಲ್ಲವೆಂದು ವಿಂಡೋಸ್ ತಿಳಿಯುತ್ತದೆ. ಅಂಥ ಹೊತ್ತಿಗೆಂದೇ ಅದಕ್ಕೆ ಬೇರೊಂದು ಅವಧಿ ಇದೆ, ಮೊದಲಿಗೆ ಇರುವುದು ಎರಡು ನಿಮಿಷ. ಮಾಮೂಲಿ ಪಟ್ಟಿಯಲ್ಲಿ ಇದು ಕಾಣಿಸುವುದೂ ಇಲ್ಲ. ನಕಲು ತೆಗೆಯಲೆಂದೇ ಬರೆದ ಒಳ್ಳೆಯ ತಂತ್ರಾಂಶ ‘ಮುಗಿಯುವವರೆಗೆ ಮಲಗಬೇಡ’ ಎಂದು ವಿಂಡೋಸ್‌ಗೆ ಹೇಳಿಯೇ ಕೆಲಸ ಶುರುಮಾಡುತ್ತದೆ. ಹುಡುಗರು ತಾವೇ ಬರೆದ ನಾಲ್ಕು ಸಾಲಿನ ಬ್ಯಾಚ್ ಫೈಲ್ ಹಾಗೆ ಹೇಳುವುದಿಲ್ಲ, ಅರ್ಧಕ್ಕೇ ನಿಲ್ಲುತ್ತದೆ. ವೈಫೈ, ಹೊರಗಿನ ಡಿಸ್ಕುಗಳಿಗೂ ನಿದ್ದೆ ತಿಳಿಯಲು ಕೆಲವು ಸೆಕೆಂಡು ಬೇಕು. ಎದ್ದ ಕೂಡಲೇ ಓಡಿದ ಕೆಲಸಕ್ಕೆ ಅವು ಸಿಗದೆ ಹೋಗಬಹುದು. ‘ಸೆಟ್ಟಿಂಗ್ಸ್’ ಪುಟದಲ್ಲಿ, ಕೆಲಸ ವಿಫಲವಾದರೆ ಇಷ್ಟು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸು ಎನ್ನುವ ಸಾಲು ಇರುವುದು ಇದಕ್ಕೇ.

ಇಷ್ಟೆಲ್ಲ ಸರಿಪಡಿಸಿ ರಾತ್ರಿಗಾಗಿ ಕಾಯುವುದು ದಡ್ಡತನ. ಹಗಲಲ್ಲೇ, ಈಗಿನಿಂದ ಹತ್ತು ನಿಮಿಷದ ನಂತರದ ಹೊತ್ತು ಬರೆದು, ಸ್ಲೀಪ್‌ಗೆ ಕಳಿಸಿ, ಎದುರಿಗೆ ಕಾಫಿ ಕುಡಿಯುತ್ತ ಕೂತರಾಯಿತು. ಪರದೆ ಬೆಳಗದಿದ್ದರೂ ಫ್ಯಾನಿನ ಸದ್ದು, ಡಿಸ್ಕಿನ ದೀಪ ಹೇಳಿಬಿಡುತ್ತವೆ. ಆಮೇಲೆ ಟಾಸ್ಕ್ ಷೆಡ್ಯೂಲರ್‌ನಲ್ಲಿ ‘ಲಾಸ್ಟ್ ರನ್ ಟೈಮ್’ ನೋಡಿ, ನಕಲಿನಿಂದ ಒಂದು ಕಡತವನ್ನು ತೆರೆದೂ ನೋಡಬೇಕು. ಓಡಿತು ಎನ್ನುವುದು ಒಂದು, ನಕಲಾಯಿತು ಎನ್ನುವುದು ಇನ್ನೊಂದು.

ಮ್ಯಾಕ್ ಬಳಸುವವರಿಗೆ ಏಳುವ ಹೊತ್ತು ಗೊತ್ತುಮಾಡುವ ಪರದೆ 2022ರ ವೆಂಚುರಾ ಆವೃತ್ತಿಯಿಂದ ಇಲ್ಲ. ‘ಪಿಎಂಸೆಟ್’ ಎಂಬ ಆಜ್ಞೆಯನ್ನು ಟರ್ಮಿನಲ್‌ನಲ್ಲಿ ಬರೆಯಬೇಕು. ಲಿನಕ್ಸ್‌ನಲ್ಲಿ ಅದೇ ಕೆಲಸಕ್ಕೆ ‘ಆರ್‌ಟಿಸಿವೇಕ್’ ಇದೆ.

ಅಷ್ಟಾದರೂ ಏಳದಿದ್ದರೆ? ನಡುರಾತ್ರಿಯೇ ಆಗಬೇಕೆಂಬ ಹಟವೇಕೆ! ದೊಡ್ಡ ಕಚೇರಿಗಳಲ್ಲಿ ಹಗಲೆಲ್ಲ ಜನ ಕೆಲಸ ಮಾಡುವುದರಿಂದ ಅಲ್ಲಿ ರಾತ್ರಿ ಅನುಕೂಲ. ಓದುವ ಹುಡುಗರ ಕಂಪ್ಯೂಟರು ಸಂಜೆ ಏಳೂವರೆಗೆ ಹೇಗೂ ಎಚ್ಚರವಿರುತ್ತದೆ, ಊಟಕ್ಕೆ ಎದ್ದ ಹೊತ್ತಿಗೆ ನಕಲಾಗಲಿ. ಜತೆಗೆ ‘ರನ್ ಟಾಸ್ಕ್ ಆಸ್ ಸೂನ್ ಆಸ್ ಪಾಸಿಬಲ್ ಆಫ್ಟರ್ ಎ ಷೆಡ್ಯೂಲ್ಡ್ ಸ್ಟಾರ್ಟ್ ಈಸ್ ಮಿಸ್ಡ್’ ಎಂಬ ಉದ್ದನೆಯ ಸಾಲಿಗೆ ಗುರುತು ಹಾಕಿಟ್ಟರೆ, ಆ ಹೊತ್ತಿಗೆ ಕರೆಂಟು ಹೋಗಿದ್ದರೂ ಯಂತ್ರ ಮತ್ತೆ ಎಚ್ಚರಗೊಂಡ ಮೇಲೆ ತಪ್ಪಿದ ಕೆಲಸ ತಾನಾಗಿ ನಡೆಯುತ್ತದೆ. ಅಪ್ಪ ಹತ್ತು ಗಂಟೆಗೆ ಸ್ವಿಚ್ ಆರಿಸಿಕೊಳ್ಳಬಹುದು. ಆದರೆ ಆವತ್ತಿನಿಂದ ಮಗ ಸ್ಲೀಪ್ ಬಿಟ್ಟು ಶಟ್‌ಡೌನ್ ಮಾಡಿಯೇ ಏಳಬೇಕು.