ಮೊದಲು ಕಿವಿ, ಆಮೇಲೆ ಅಂಕಪಟ್ಟಿ

ಪಿಯುಸಿ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಧಾರವಾಡದ ಸುತ್ತಮುತ್ತಲಿನ ಕಾಲೇಜುಗಳಲ್ಲಿ ಸಂಗೀತದ ಪ್ರವೇಶ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ ನಡೆದಾಗ ಪೇಟಿ, ಅಂದರೆ ಹಾರ್ಮೋನಿಯಂ ಸಾಥಿಗೆ ನನ್ನನ್ನು ಕರೆಯುತ್ತಾರೆ. ಪೇಟಿ ಬಾರಿಸುವವನಿಗೆ ಸೀಟು ಕೊಡಿಸುವ ಅಧಿಕಾರವೂ ಇರುತ್ತದೆ ಎಂದು ಜನ ಹೇಗೋ ನಂಬಿಬಿಟ್ಟಿದ್ದಾರೆ. ಅವರು ಕೇಳುವುದು ಒಂದೇ ಪ್ರಶ್ನೆ: ‘ಸರ, ಹುಡುಗೀನ ಸಂಗೀತಕ್ಕ ಹಚ್ಚಬೇಕಂತ ಮಾಡೇವ್ರಿ. ಪರ್ಸೆಂಟೇಜ್ ಎಷ್ಟು ಬೇಕಾಗ್ತದ?’ ಹುಡುಗಿ ಏನು ಹಾಡುತ್ತಾಳೆ, ಯಾರ ಹತ್ತಿರ ಕಲಿತಿದ್ದಾಳೆ ಎಂಬುದನ್ನು ನಾನೇ ಕೆದಕಿ ಕೇಳಬೇಕು.

ಪಾಲಕರದ್ದು ತಪ್ಪೆನ್ನಲಾರೆ. ವಿಶ್ವವಿದ್ಯಾಲಯ ಕೂಡ ಮೊದಲು ಕೇಳುವುದು ಅದನ್ನೇ. ಸಂಗೀತದಲ್ಲಿ ಪದವಿ ಓದಬೇಕಾದರೆ ಪಿಯುಸಿ ಪಾಸಾಗಿರಬೇಕು. ವಿಜ್ಞಾನವೋ ವಾಣಿಜ್ಯವೋ ಕಲೆಯೋ, ಯಾವುದಾದರೂ ನಡೆಯುತ್ತದೆ. ಆಮೇಲೆ ಒಂದು ಹಾಡುವ ಪರೀಕ್ಷೆ. ಸ್ನಾತಕೋತ್ತರಕ್ಕಾದರೆ ಸಾಮಾನ್ಯವಾಗಿ ಯಾವುದಾದರೊಂದು ಪದವಿ, ಜೊತೆಗೆ ಸೀನಿಯರ್, ವಿದ್ವತ್, ವಿಶಾರದ ಇಂಥ ಪ್ರಮಾಣಪತ್ರ. ವಯಸ್ಸಿನ ತಕರಾರು ಅಷ್ಟಾಗಿ ಇಲ್ಲ. ಎಂ.ಎ. ತರಗತಿಗಳಲ್ಲಿ ನಿವೃತ್ತ ಬ್ಯಾಂಕ್ ನೌಕರರು, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ ಬಂದ ತಾಯಂದಿರು ಕೂತಿರುವುದನ್ನು ನೋಡಿದಾಗೆಲ್ಲ ನನಗೆ ಸಂತೋಷವೇ ಆಗುತ್ತದೆ.

ನನ್ನ ತಕರಾರು ಇರುವುದು ಆ ಹಾಡುವ ಪರೀಕ್ಷೆಯ ಬಗ್ಗೆ, ಮತ್ತು ಅದು ಅಂಕಪಟ್ಟಿಯ ಹಿಂದೆ ನಿಂತಿರುವ ಬಗ್ಗೆ.

ಒಬ್ಬರಿಗೆ ಐದು ನಿಮಿಷ ಸಿಗುತ್ತದೆ. ಅಭ್ಯರ್ಥಿ ಬಂದು ಕೂರುತ್ತಾನೆ, ಮೊಬೈಲ್ ತೆರೆದು ತಂಬೂರಿ ಹಚ್ಚುತ್ತಾನೆ, ತಾನೇ ಆರಿಸಿಕೊಂಡು ವರ್ಷಗಟ್ಟಲೆ ತಿದ್ದಿಸಿಕೊಂಡ ಒಂದು ಛೋಟಾ ಖ್ಯಾಲ್ ಹಾಡುತ್ತಾನೆ. ಪರೀಕ್ಷಕರು ತಲೆದೂಗಿ, ‘ಆರೋಹ ಅವರೋಹ ಹೇಳು, ವಾದಿ ಯಾವುದು, ಸಂವಾದಿ ಯಾವುದು’ ಎನ್ನುತ್ತಾರೆ. ಅದೂ ಬಾಯಿಪಾಠ. ಮುಂದಿನವರು ಬನ್ನಿ. ಗುರುಗಳು ಏನು ಮಾಡಿಸಿದ್ದಾರೆ ಎಂಬುದು ಆ ಐದು ನಿಮಿಷದಲ್ಲಿ ಚೆನ್ನಾಗಿ ತಿಳಿಯುತ್ತದೆ. ಮುಂದಿನ ಮೂರು ವರ್ಷ ಈ ಮಗು ಏನನ್ನು ಹಿಡಿದುಕೊಳ್ಳಬಲ್ಲದು ಎಂಬುದು ತಿಳಿಯುವುದಿಲ್ಲ.

ಒಂದೇ ದಿನ ಕಂಡ ಇಬ್ಬರನ್ನು ಹೇಳುತ್ತೇನೆ. ಕಾಲೇಜಿನ ಹೆಸರು ಬೇಡ. ಮೊದಲಿನವಳು ವಿಶಾರದ ಮುಗಿಸಿದ್ದ ಹುಡುಗಿ, ಪಿಯುಸಿ ವಿಜ್ಞಾನದಲ್ಲಿ ಡಿಸ್ಟಿಂಕ್ಷನ್. ಬಿಹಾಗ್ ಹಾಡಿದಳು. ಸ್ವಚ್ಛ ಕಂಠ, ಸಮಕ್ಕೆ ಸರಿಯಾಗಿ ಬಂದು ಬೀಳುವ ತಾನುಗಳು. ಪರೀಕ್ಷಕರಲ್ಲಿ ಹಿರಿಯರೊಬ್ಬರು ನನ್ನತ್ತ ತಿರುಗಿ, ‘ಒಂದು ಸಣ್ಣ ತುಣುಕು ಬಾರಿಸ್ರಿ, ಹಾಡಲಿ’ ಎಂದರು. ಅದೇ ಬಿಹಾಗಿನಲ್ಲಿ, ನಿಷಾದದಿಂದ ಇಳಿದು ತೀವ್ರ ಮಧ್ಯಮವನ್ನು ಸವರಿ ಗಾಂಧಾರಕ್ಕೆ ಬರುವ ಒಂದು ತಿರುವು ಬಾರಿಸಿದೆ. ಹುಡುಗಿ ಸುಮ್ಮನಾದಳು. ಮತ್ತೊಮ್ಮೆ ಬಾರಿಸಿದೆ. ‘ಸರ್, ಇದನ್ನ ನಮಗ ಮಾಡಿಸಿಲ್ಲರಿ’ ಎಂದಳು.

ಎರಡನೆಯವನು ಬೈಲಹೊಂಗಲದ ಕಡೆಯವನು, ಭಜನಾ ಮೇಳದಲ್ಲಿ ಬೆಳೆದವನು. ತತ್ವಪದವೊಂದನ್ನು ಹಾಡಿದ. ಯಾವ ರಾಗ ಎಂದರೆ ಗೊತ್ತಿಲ್ಲ. ಅದೇ ತಿರುವನ್ನು ಬಾರಿಸಿದಾಗ ಕಣ್ಣು ಮುಚ್ಚಿ ಅದನ್ನು ಹಾಗೇ ಹಿಂದಿರುಗಿಸಿದ, ತನ್ನದೊಂದು ಎಳೆಯನ್ನೂ ಸೇರಿಸಿದ. ಕೋಣೆಯಲ್ಲಿ ಇಲಾಖೆಯ ಹಳೆಯ ತಂಬೂರಿಯೊಂದಿತ್ತು, ಯಾರೋ ವಿದ್ಯಾರ್ಥಿನಿ ಹಿಂದೆ ಕೂತು ಅದನ್ನು ಮಿಡಿಯುತ್ತಿದ್ದಳು. ಹೋಗುವಾಗ ಇವನು ಸಂಕೋಚದಿಂದ, ‘ಸರ, ಮೊದಲನೇ ತಂತಿ ಒಂದೀಟ ಇಳದೈತ್ರಿ’ ಎಂದ. ಇಳಿದಿತ್ತು. ಬೆಳಗ್ಗೆಯಿಂದ ಆ ಪಂಚಮ ಇಳಿದೇ ಇತ್ತು. ಅದರ ಮೇಲೆಯೇ ಹನ್ನೆರಡು ಜನ ಹಾಡಿ ಹೋಗಿದ್ದರು, ನಾವೂ ಕೇಳುತ್ತ ಕೂತಿದ್ದೆವು.

ಹುಡುಗಿಗೆ ಸೀಟು ಸಿಕ್ಕಿತು. ಹುಡುಗನನ್ನು ಕರೆದದ್ದು ತಾತ್ಕಾಲಿಕವಾಗಿ. ಅವನ ಇಂಗ್ಲಿಷ್ ಪೂರಕ ಪರೀಕ್ಷೆಯ ಫಲಿತಾಂಶ ಬರಬೇಕಿತ್ತು. ಅದು ಬಂದಾಗ ಮತ್ತೆ ನಪಾಸು. ಕಚೇರಿಯ ಗುಮಾಸ್ತರು ಅರ್ಜಿಯನ್ನು ವಾಪಸ್ ಮಾಡಿದರು. ನಿಯಮದ ಪ್ರಕಾರ ಅವರು ಮಾಡಿದ್ದು ಸರಿಯೇ. ಈಗ ಅವನು ಮದುವೆ ಆರ್ಕೆಸ್ಟ್ರಾವೊಂದರಲ್ಲಿ ಕೀಬೋರ್ಡ್ ಬಾರಿಸುತ್ತಾನೆ, ದುಡ್ಡೂ ಸಂಪಾದಿಸುತ್ತಾನೆ. ಕನಿಕರ ಪಡುವಂಥದ್ದೇನೂ ಇಲ್ಲ. ಕಳೆದುಕೊಂಡಿದ್ದು ವಿಶ್ವವಿದ್ಯಾಲಯ.

ಇಲ್ಲಿ ನನ್ನ ಹೊಟ್ಟೆಪಾಡಿಗೆ ವಿರುದ್ಧವಾದ ಮಾತೊಂದನ್ನು ಹೇಳಬೇಕು. ಪ್ರವೇಶ ಪರೀಕ್ಷೆಯ ಮೊದಲ ಅರ್ಧದಲ್ಲಿ ಪೇಟಿ ಇರಬಾರದು. ಆಕಾಶವಾಣಿ 1940ರಲ್ಲಿ ಪೇಟಿಯನ್ನು ಹೊರಗಟ್ಟಿದ ಕತೆಯನ್ನು ನಾವು ಪೇಟಿಯವರು ಇಂದಿಗೂ ಮರೆತಿಲ್ಲ, ಮೂರು ದಶಕ ಅದಕ್ಕೆ ಒಳಗೆ ಕಾಲಿಡಲು ಬಿಡಲಿಲ್ಲ. ಆ ತೀರ್ಪು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಆದರೆ ಹಾಡುವವರು ನನ್ನ ಪೇಟಿಯ ಮನೆಗಳ ಮೇಲೆ ಹೇಗೆ ಭಾರ ಬಿಡುತ್ತಾರೆ ಎಂಬುದು ಭಾತೆ ಒತ್ತುವ ನನಗೆ ಗೊತ್ತಾಗುವಷ್ಟು ಮುಂದೆ ಕೂತು ಕೇಳುವವರಿಗೆ ಗೊತ್ತಾಗುವುದಿಲ್ಲ. ನಾನು ಒಂದು ಕ್ಷಣ ಕೈ ತೆಗೆದರೆ ಸ್ವರ ಜಾರುತ್ತದೆ, ಕೈ ಇಟ್ಟರೆ ಮತ್ತೆ ಹತ್ತಿಕೊಳ್ಳುತ್ತದೆ. ಪರೀಕ್ಷಕರು ಅಂಕ ಕೊಡುವುದು ಅಭ್ಯರ್ಥಿಗೋ ನನಗೋ ಎಂದು ಎಷ್ಟೋ ಸಲ ಅನ್ನಿಸಿದೆ.

ಹಾಗಾದರೆ ಏನನ್ನು ಪರೀಕ್ಷಿಸಬೇಕು? ಎದುರಿಗೆ ನಿಜವಾದ ತಂಬೂರಿ ಇಡಿ. ಒಂದು ತಂತಿಯನ್ನು ಬೇಕೆಂದೇ ಸ್ವಲ್ಪ ಇಳಿಸಿ. ಶ್ರುತಿ ಮಾಡಲು ಬರದಿದ್ದರೆ ಹೋಗಲಿ, ಯಾವ ತಂತಿ ಕೆಟ್ಟಿದೆ ಎಂದು ಹೇಳಲಿ. ಭೂಪಾಲಿ ಮತ್ತು ದೇಶಕಾರ್ ಎರಡರಲ್ಲೂ ಇರುವುದು ಅವೇ ಐದು ಸ್ವರ. ಒಂದರಲ್ಲಿ ಗಾಂಧಾರ ಮನೆಯ ಯಜಮಾನ, ಇನ್ನೊಂದರಲ್ಲಿ ಧೈವತ. ಎರಡನ್ನೂ ಎರಡೆರಡು ನಿಮಿಷ ಹಾಡಿ ತೋರಿಸಿ, ‘ಇವು ಒಂದೆಯೋ ಬೇರೆಯೋ, ಬೇರೆ ಅಂತ ಯಾಕೆ ಅನ್ನಿಸಿತು’ ಎಂದು ಕೇಳಿ. ಹೆಸರು ಬೇಡ, ಥಾಟ್ ಬೇಡ. ತಬಲಾದವರು ವಿಲಂಬಿತ ಏಕತಾಲ ಹಿಡಿಯಲಿ, ಸಮ ಎಲ್ಲಿದೆ ಎಂದು ಹುಡುಗ ಕೈ ಎತ್ತಿ ತೋರಿಸಲಿ. ಕೊನೆಗೆ, ಅವನು ಎಂದೂ ಕೇಳದ ಒಂದು ತುಣುಕನ್ನು ಕಲಿಸಿ, ಹತ್ತು ನಿಮಿಷ ಹೊರಗೆ ಕಳಿಸಿ, ಮತ್ತೆ ಕರೆದು ಹಾಡಿಸಿ. ಕರ್ನಾಟಕ ಸಂಗೀತದವರು ಇದನ್ನೇ ಮೋಹನದಲ್ಲಿ, ಆದಿತಾಳದಲ್ಲಿ ಮಾಡಿಕೊಳ್ಳಬಹುದು.

ಇದು ನಾನು ಕನಸಿನಲ್ಲಿ ಕಂಡ ಪದ್ಧತಿಯಲ್ಲ. ಬೆಂಗಳೂರಿನ ಎಷ್ಟೋ ಮನೆಗಳ ಮಕ್ಕಳು ಪಿಯಾನೊ, ವಯಲಿನ್‌ಗೆ ಲಂಡನ್ನಿನ ಸಂಸ್ಥೆಗಳ ಗ್ರೇಡ್ ಪರೀಕ್ಷೆ ಕಟ್ಟುತ್ತಾರೆ. ಅಂಥ ಪರೀಕ್ಷೆಗಳಲ್ಲಿ ಪರೀಕ್ಷಕರು ಒಂದು ತುಣುಕು ನುಡಿಸಿ ಮಗುವಿನಿಂದ ಅದನ್ನು ಹಾಡಿಸುವ, ಮುಂಚೆ ನೋಡದ ಸ್ವರಲಿಪಿಯನ್ನು ಆಗಲೇ ನುಡಿಸಲು ಹೇಳುವ ಭಾಗಗಳು ಇರುತ್ತವೆ. ಮೇಲಿನ ಗ್ರೇಡುಗಳಿಗೆ ಬ್ರಿಟನ್ನಿನ ವಿಶ್ವವಿದ್ಯಾಲಯ ಪ್ರವೇಶದ ಅಂಕಗಳಲ್ಲಿಯೂ ಪಾಲಿದೆ. ನಮ್ಮಲ್ಲಿ ವಿಶಾರದ ಮಾಡಿದವರ ಪರಿಶ್ರಮ ಪದವಿ ಸೇರುವ ಹೊತ್ತಿಗೆ ಫೈಲಿಗೆ ಲಗತ್ತಿಸುವ ಒಂದು ನಕಲು ಪ್ರತಿ, ಅಷ್ಟೆ.

ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರಿದೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಆ ತಾಯಿ ಪ್ರಾಥಮಿಕ ಶಾಲೆಯ ಆಚೆಗೆ ಓದಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರ ಹತ್ತಿರ ತಾಲೀಮು ಪಡೆದದ್ದೇ ಅವರ ವಿದ್ಯಾಭ್ಯಾಸ. ಮುಂದೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅವರು ಗೌರವ ಪ್ರಾಧ್ಯಾಪಕರಾದರು. ಹೆಸರಿನ ಹಿಂದಿನ ‘ಡಾ.’ ಕೂಡ ಗೌರವದ್ದೇ. ಅಂದರೆ ವಿಶ್ವವಿದ್ಯಾಲಯ ಅವರಿಂದ ಪಾಠ ಹೇಳಿಸಿಕೊಂಡಿತು, ಪದವಿ ಕೊಟ್ಟು ಗೌರವಿಸಿತು, ಇನ್ನೊಂದು ವಿಶ್ವವಿದ್ಯಾಲಯ ಅವರ ಹೆಸರನ್ನೇ ಇಟ್ಟುಕೊಂಡಿತು. ಆದರೆ ಇಂದಿನ ನಿಯಮದಲ್ಲಿ ಅಂಥವರೊಬ್ಬರು ಹದಿನೆಂಟನೆಯ ವಯಸ್ಸಿನಲ್ಲಿ ಬಂದು ಅರ್ಜಿ ಕೇಳಿದರೆ ಬಿ.ಎ. ಮೊದಲ ವರ್ಷಕ್ಕೂ ಸೇರಿಸಿಕೊಳ್ಳಲಾಗದು.

ಇದು ಹಳೆಯ ಕಾಲದ ವಿಚಿತ್ರ ಎಂದುಕೊಳ್ಳಬೇಡಿ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಸಂಗೀತದ ಸಹಾಯಕ ಪ್ರಾಧ್ಯಾಪಕರಾಗಲು ಎರಡು ದಾರಿ ಇವೆ. ಒಂದು ಸ್ನಾತಕೋತ್ತರ ಪದವಿ ಮತ್ತು ನೆಟ್. ಇನ್ನೊಂದು, ಹೆಸರಾಂತ ಗುರುಗಳ ಬಳಿ ಕಲಿತು ಆಕಾಶವಾಣಿ ಅಥವಾ ದೂರದರ್ಶನದ ‘ಎ’ ಶ್ರೇಣಿ ಪಡೆದ ಕಲಾವಿದರಿಗೆ. ಅದಕ್ಕೂ ಒಂದು ಪದವಿ ಇರಲೇಬೇಕು. 2022ರಲ್ಲಿ ಅದೇ ಯುಜಿಸಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹುದ್ದೆ ತಂದಿತು. ಕ್ಷೇತ್ರದಲ್ಲಿ ಕನಿಷ್ಠ ಹದಿನೈದು ವರ್ಷದ ಅನುಭವ ಮತ್ತು ಎದ್ದು ಕಾಣುವ ಸಾಧನೆ ಇದ್ದರೆ ಪದವಿ ಕಡ್ಡಾಯವಲ್ಲ, ಲಲಿತಕಲೆಗಳೂ ಅದರಲ್ಲಿ ಸೇರಿವೆ. ಒಳ್ಳೆಯ ನಿರ್ಧಾರ. ಆದರೆ ಲೆಕ್ಕ ಎಲ್ಲಿಗೆ ಬಂತು ನೋಡಿ: ಪಿಯುಸಿ ಇಲ್ಲದವರು ಪ್ರೊಫೆಸರ್ ಆಗಬಹುದು, ವಿದ್ಯಾರ್ಥಿ ಆಗುವಂತಿಲ್ಲ.

‘ಗಂಗೂಬಾಯಿಯಂಥವರು ನೂರು ವರ್ಷಕ್ಕೊಬ್ಬರು, ಅವರನ್ನು ತೋರಿಸಿ ನಿಯಮ ಸಡಿಲಿಸಲಾಗದು’ ಎಂದು ಪ್ರಾಧ್ಯಾಪಕ ಮಿತ್ರರು ನನ್ನ ಬಾಯಿ ಮುಚ್ಚಿಸುತ್ತಾರೆ. ಒಪ್ಪುತ್ತೇನೆ. ಓದು ಬರಹ ಸಂಗೀತಕ್ಕೆ ಬೇಡ ಎಂದು ನಾನು ಎಂದೂ ಹೇಳಿಲ್ಲ. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆಯದೇ ಇದ್ದಿದ್ದರೆ, ಭಾತಖಂಡೆಯವರು ಬಂದಿಶ್‌ಗಳನ್ನು ಸ್ವರಲಿಪಿಗೆ ಇಳಿಸಿ ಅಚ್ಚು ಹಾಕಿಸದೇ ಇದ್ದಿದ್ದರೆ, ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ನೀರು ಹೊರಲಾರದ ನನ್ನಂಥ ಗುಮಾಸ್ತನ ಮಗನಿಗೆ ಈ ವಿದ್ಯೆ ದಕ್ಕುತ್ತಿರಲಿಲ್ಲ. ಪ್ರಮಾಣಪತ್ರವನ್ನು ಹೀಯಾಳಿಸುವ ಗುರುಕುಲದ ಭಕ್ತರ ಸಾಲಿಗೆ ನನ್ನನ್ನು ಸೇರಿಸಬೇಡಿ. ನಾನು ಕೇಳುತ್ತಿರುವುದು, ಓದು ಬರಹದ ಕೊರತೆಯನ್ನು ಬಾಗಿಲಲ್ಲೇ ತಡೆಯುವ ಕಾರಣವಾಗಿ ಏಕೆ ನೋಡಬೇಕು, ಒಳಗೆ ಬಂದ ಮೇಲೆ ತುಂಬಿಸುವ ಕೆಲಸವೆಂದು ಏಕೆ ನೋಡಬಾರದು ಎಂದು. ಇಂಗ್ಲಿಷನ್ನು ಎರಡು ವರ್ಷದಲ್ಲಿ ಪಾಸು ಮಾಡಿಸಬಹುದು. ಹದಿನೆಂಟಾದ ಮೇಲೆ ಕಿವಿಯನ್ನು ಹೊಸದಾಗಿ ತೆರೆಸುವುದು ಬಹಳ ಕಷ್ಟ.

ಇದನ್ನು ನಮ್ಮವರೇ ಮಾಡಿ ತೋರಿಸಿದ್ದಾರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ, ವಸತಿ, ವಿದ್ಯೆ ಕೊಟ್ಟು ಬೆಳೆಸಿತು. ಅದನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳೂ, ಮುಂದೆ ನಡೆಸಿದ ಪುಟ್ಟರಾಜ ಗವಾಯಿಗಳೂ ಸ್ವತಃ ಅಂಧರು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಪುಟ್ಟರಾಜರು ಹಾಡುಗಾರಿಕೆ, ಹಲವು ವಾದ್ಯಗಳ ಜೊತೆಗೆ ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಗ್ರಂಥ ಬರೆದವರು. ಸಂಗೀತ ಒಳಗೆ ಬಂದ ಮೇಲೆ ಸಾಹಿತ್ಯ, ಶಾಸ್ತ್ರ ಅದರ ಬೆನ್ನಿಗೆ ಬರಬಲ್ಲವು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ.

ಕಾನೂನಿನ ತೊಡಕೂ ದೊಡ್ಡದಲ್ಲ. ಹನ್ನೆರಡು ವರ್ಷದ ಶಾಲೆ ಇಲ್ಲದೆ ಪದವಿ ಕೊಡಲಾಗದು ಎಂದಾದರೆ ಸರ್ಟಿಫಿಕೇಟ್, ಡಿಪ್ಲೊಮಾ ತರಗತಿಗಳಿಗೆ ಕಿವಿಯ ಪರೀಕ್ಷೆಯೊಂದರಿಂದಲೇ ಸೇರಿಸಿಕೊಳ್ಳಿ. ಆ ತರಗತಿಗಳಲ್ಲಿ ಕಲಿಯುವ ಹೊತ್ತಿನಲ್ಲೇ ಹುಡುಗ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹನ್ನೆರಡನೆಯ ತರಗತಿ ಮುಗಿಸಿಕೊಳ್ಳಲಿ. ಅಲ್ಲಿ ಐದು ವರ್ಷದ ಅವಧಿಯಲ್ಲಿ ಒಂಬತ್ತು ಅವಕಾಶಗಳಿವೆ, ವಿಷಯಗಳನ್ನು ಒಂದೊಂದಾಗಿ ಪಾಸು ಮಾಡಿಕೊಳ್ಳಬಹುದು. ಆಮೇಲೆ, ಡಿಪ್ಲೊಮಾದಲ್ಲಿ ಕಲಿತದ್ದಕ್ಕೆ ಕ್ರೆಡಿಟ್ ಕೊಟ್ಟು ಪದವಿಯ ನಡುವಿನಲ್ಲಿ ಸೇರಿಸಿಕೊಳ್ಳಿ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆಯ ಹೊರಗಿನ ಕಲಿಕೆಗೂ ಅನುಭವಕ್ಕೂ ಬೆಲೆ ಕಟ್ಟಲು ಅವಕಾಶ ಕೊಟ್ಟಿದೆ. ಇನ್ನು ಪಿಯುಸಿಯಲ್ಲೇ ಹಿಂದುಸ್ತಾನಿ, ಕರ್ನಾಟಕ ಸಂಗೀತ ಐಚ್ಛಿಕ ವಿಷಯಗಳಾಗಿವೆ ಎಂಬುದು ಎಷ್ಟೋ ಪಾಲಕರಿಗೆ ಗೊತ್ತೇ ಇಲ್ಲ. ಗೊತ್ತಾದರೂ ಅವನ್ನು ಕಲಿಸುವ ಕಾಲೇಜನ್ನು ಹುಡುಕಿಕೊಂಡು ಊರೂರು ಅಲೆಯಬೇಕು.

ಒಂದು ಕಡೆ ಸಡಿಲಿಸಿ ಎನ್ನುವ ನಾನೇ ಇನ್ನೊಂದು ಕಡೆ ಬಿಗಿ ಮಾಡಿ ಎನ್ನುತ್ತೇನೆ. ಪ್ರವೇಶದ ದಿನ ಪ್ರತಿಯೊಬ್ಬರೂ, ತಾವು ಎದುರಿಗೆ ಕೂತು ಕೇಳಿದ ಒಂದು ಕಛೇರಿಯ ಬಗ್ಗೆ ಒಂದು ಪುಟ ಕನ್ನಡದಲ್ಲಿ ಬರೆಯಲಿ. ಅಂಧ ವಿದ್ಯಾರ್ಥಿಗಳು ಬಾಯಿಂದ ಹೇಳಲಿ. ‘ಯಾರನ್ನು ಕೇಳಿದ್ದೀ’ ಎಂದರೆ ಈಗ ಬರುವ ಉತ್ತರ ‘ಯೂಟ್ಯೂಬಿನ್ಯಾಗ ಕೇಳೀನ್ರಿ’. ಅದರಲ್ಲೂ ಪೂರ್ತಿ ಕೇಳಿರುವುದಿಲ್ಲ, ದ್ರುತದಿಂದ ಶುರು ಮಾಡಿರುತ್ತಾರೆ. ವಿಲಂಬಿತವನ್ನು ಮುಕ್ಕಾಲು ಗಂಟೆ ಕೂತು ಕೇಳಲಾರದವರು ಅದನ್ನು ಹಾಡುವ ವಿದ್ಯೆಗೆ ಯಾಕೆ ಬರುತ್ತಾರೋ. ಈ ಒಂದು ಪುಟದಲ್ಲಿ ನನ್ನ ಡಿಸ್ಟಿಂಕ್ಷನ್ ಹುಡುಗಿ ಗೆಲ್ಲಬಹುದು, ಭಜನಾ ಮೇಳದವನು ಎಡವಬಹುದು. ಆಗಲಿ. ಆಗಲಾದರೂ ನಮ್ಮ ಕೈಯಲ್ಲಿ ಇಬ್ಬರ ಬಗ್ಗೆಯೂ ಏನಾದರೂ ತಿಳಿವಳಿಕೆ ಇರುತ್ತದೆ.

‘ಇಷ್ಟೆಲ್ಲಕ್ಕೆ ಸಮಯ ಎಲ್ಲಿ’ ಎಂಬ ಆಕ್ಷೇಪಣೆ ಪ್ರತಿ ಸಲ ಬರುತ್ತದೆ. ಒಬ್ಬರಿಗೆ ಅರ್ಧ ಗಂಟೆ ಹಿಡಿದರೂ ದಿನಕ್ಕೆ ಹನ್ನೆರಡು ಹದಿಮೂರು ಜನರನ್ನು ಕೇಳಬಹುದು. ನಾನು ಸಾಥಿಗೆ ಹೋಗುವ ವಿಭಾಗಗಳಲ್ಲಿ ಸೀಟು ತುಂಬಿದರೆ ಸಾಕು ಎನ್ನುವ ಪರಿಸ್ಥಿತಿ ಇದೆ. ಶಾಲೆಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆಯೇ ಅಪರೂಪವಾದ ಮೇಲೆ ಅರ್ಜಿಗಳ ರಾಶಿ ಎಲ್ಲಿಂದ ಬರಬೇಕು? ಬರುವಷ್ಟು ಅರ್ಜಿಗಳಿಗೆ ಎರಡು ದಿನ, ಹೆಚ್ಚೆಂದರೆ ಮೂರು ದಿನ ಸಾಕು. ತಬಲಾದವರಿಗೆ ಮೂರು ದಿನದ ಸಂಭಾವನೆ ಕೊಡಬೇಕಾಗುತ್ತದೆ. ಪೇಟಿಯವನಿಗೆ ಅರ್ಧ ದಿನದ್ದು ಉಳಿಯುತ್ತದೆ, ಅದನ್ನು ತಂಬೂರಿಯ ತಂತಿಗೆ ಖರ್ಚು ಮಾಡಲಿ.